75 ವರ್ಷಗಳ ಪುರಾವೆ

ಜನವರಿ 7, ಭಾನುವಾರ. ಜೋಯಿಡಾ

ಹತ್ತು ಗಂಟೆಯಾದರೂ ಮಂಜು ಸರಿದಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಗೆಡ್ಡೆಗೆ ಅಂಟಿದ ಮಣ್ಣು ಬಿಡಿಸುತ್ತ ಕೂತಿದ್ದರು. ಮಗ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಹರವಿದ. ರೇಷನ್ ಕಾರ್ಡು, ವೋಟರ್ ಕಾರ್ಡು, ದಂಡ ಕಟ್ಟಿದ ಹಳೇ ರಸೀದಿ. ಅರ್ಜಿ ಹಿಂದೊಮ್ಮೆ ತಿರಸ್ಕೃತವಾದ ನೋಟೀಸು. 1930ನ್ನು ಮುಟ್ಟುವಂಥದ್ದು ಒಂದೂ ಇಲ್ಲ.

"ಅಕ್ಕೋರೆ, ಇಷ್ಟು ಸಾಕಾಗ್ತದಾ?"

ಸಾಕು ಅನ್ನಲಿಲ್ಲ. ಸಾಲದು ಅನ್ನಲು ನಾಲಿಗೆ ಏಳಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಈ ಕಾಡನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಅಜ್ಜಿಯ ಜನ ಕುಣಬಿಗಳು. ಗೋವೆಯಲ್ಲಿ ಅವರು ಪಂಗಡದ ಪಟ್ಟಿಯಲ್ಲಿದ್ದಾರೆ. ಗಡಿಯ ಈಚೆಗೆ ಇಲ್ಲ. ಅದೇ ಜನ, ಅದೇ ಮಾತು, ಮದುವೆ ಸಂಬಂಧವೂ ಆಚೀಚೆ.

ಅಜ್ಜಿಯೇ 1930ರ ನಂತರ ಹುಟ್ಟಿದವರು. ಯಾರ ಹತ್ತಿರ ಕೇಳಲಿ?

ಜನವರಿ 9, ರಾತ್ರಿ

ಧಾರವಾಡದಿಂದ ಗೆಳತಿ ಕಳಿಸಿದ ಜೆರಾಕ್ಸ್ ಬಂತು. ಮುಂಬೈ ಪ್ರಾಂತದ ಗೆಜೆಟಿಯರ್, 15ನೇ ಸಂಪುಟ, ಕೆನರಾ. 1883. ಕ್ಯಾಂಪ್‌ಬೆಲ್ ಸಂಪಾದಕ. ಜನಾಂಗಗಳ ಅಧ್ಯಾಯವನ್ನೇ ಮೊದಲು ತೆಗೆದೆ.

ಓದಿ ಮುಗಿಸಲು ಕಷ್ಟವಾಯಿತು. ಮೈಬಣ್ಣ, ಎತ್ತರ, ಕೂದಲು. ಕುಡಿಯುತ್ತಾರೋ ಇಲ್ಲವೋ, ದುಡಿಯುತ್ತಾರೋ ಸೋಮಾರಿಗಳೋ, ಮನೆ ಚೊಕ್ಕಟವೋ ಕೊಳಕೋ. ದನದ ಸಂತೆಯಲ್ಲಿ ಹಲ್ಲು ನೋಡಿ ಬೆಲೆ ಕಟ್ಟಿದ ಹಾಗೆ ಜಾತಿಗೊಂದು ಟಿಪ್ಪಣಿ. ಹೆಸರಿರುವ ಒಬ್ಬ ಮನುಷ್ಯನೂ ಆ ಪುಟಗಳಲ್ಲಿ ಸಿಗಲಿಲ್ಲ.

ಆದರೆ ಅರಣ್ಯ ಹಕ್ಕು ಕಾಯ್ದೆಯ ನಿಯಮ 13ರಲ್ಲಿ ಪುರಾವೆಗಳ ಪಟ್ಟಿಯಿದೆ. ಗೆಜೆಟಿಯರ್ ಅದರಲ್ಲಿದೆ. ಸೂಪಾದಲ್ಲಿ, ಅಂದರೆ ಇಂದಿನ ಜೋಯಿಡಾ ಸೀಮೆಯಲ್ಲಿ, ಕುಣಬಿಗಳು ಆಗಲೇ ಇದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿ ಕಾಗದ ನನಗೆ ಸಿಗಲಾರದು. ಅವಮಾನವನ್ನೇ ಲಗತ್ತಿಸಬೇಕೇ?

ಲೈಟ್ ಹೋಯಿತು. ಮಲಗಿದೆ. ನಿದ್ದೆ ಬರಲಿಲ್ಲ.

ಜನವರಿ 14, ಭಾನುವಾರ. ಹಳಿಯಾಳ

ಸಿದ್ದಿ ಗೆಳತಿಯ ಮನೆ. ಅವಳ ಅತ್ತೆ ಕೌದಿ ಹೊಲಿಯುತ್ತಿದ್ದರು, ಹಳೇ ಸೀರೆಯ ಚೌಕಗಳನ್ನು ಒಂದರ ಪಕ್ಕ ಒಂದಿಟ್ಟು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪಂಗಡದ ಮಾನ್ಯತೆ ಸಿಕ್ಕಿದೆ. ಹಾಗಾಗಿ ಅವರಿಗೆ ಈ 75 ವರ್ಷದ ಗೋಳಿಲ್ಲ, 2005ಕ್ಕೆ ಮುಂಚೆ ಇದ್ದುದನ್ನು ತೋರಿಸಿದರಾಯಿತು. ಗೆಳತಿಗೆ ಅದರಿಂದ ಸಮಾಧಾನವೇನೂ ಇದ್ದಂತಿಲ್ಲ. "ನಮಗೂ ಸುಮ್ಮನೆ ಕೊಟ್ಟಿದ್ದಲ್ಲ. ಕೇಳಿ ಕೇಳಿ ಒಂದು ತಲೆಮಾರು ಸವೆದಿದೆ" ಅಂದಳು. ಒಂದೇ ಕಾಡಿನಂಚು, ಪಕ್ಕಪಕ್ಕದ ಮನೆ, ಕಾನೂನು ಮಾತ್ರ ಎರಡು.

ಸೂಪಾ ಬಂಡಾಯದ ಮಾತು ತೆಗೆದೆ. 1858-59. ಹಳಿಯಾಳದ ಫಡ್ನೀಸ್ ಸೋದರರು, ಸಾವಂತವಾಡಿ ಕಡೆಯಿಂದ ಬಂದವರು, ಅವರ ಜತೆ ಸಿದ್ದಿ ಬಸ್ತ್ಯಾಂವ. ದರ್ಶನಿಗುಡ್ಡದ ಕಾಡಿನಲ್ಲಿ ನಿಂತು ಕಂಪನಿಯ ಪಡೆಯನ್ನು, ಆಮೇಲೆ ರಾಣಿಯ ಪಡೆಯನ್ನು, ತಿಂಗಳುಗಟ್ಟಲೆ ಎದುರಿಸಿದರು. ಬಸ್ತ್ಯಾಂವ ಹೋರಾಟದಲ್ಲೇ ಸತ್ತ.

ಅತ್ತೆ ಸೂಜಿ ನಿಲ್ಲಿಸಿದರು. "ನಮ್ಮವನ ಹೆಸರು ಸರ್ಕಾರದ ಪುಸ್ತಕದಲ್ಲಿ ಉಂಟಾ?"

ಉಂಟು. ಸರ್ಕಾರ ಬೆನ್ನಟ್ಟಿದ್ದರಿಂದ ಉಂಟು. ಆದರೆ ಅವನ ಅಜ್ಜ ಗುಲಾಮನಾಗಿ ಗೋವೆಗೆ ಯಾವ ಹಡಗಿನಲ್ಲಿ ಬಂದ, ಯಾರಿಗೆ ಮಾರಾಟವಾದ, ಯಾವ ಘಟ್ಟ ಹತ್ತಿ ತಪ್ಪಿಸಿಕೊಂಡ? ಪೋರ್ಚುಗೀಸರು ಗುಲಾಮರ ವ್ಯಾಪಾರ ನಿಷೇಧಿಸಿದ್ದು 1836ರಲ್ಲಿ, ಗುಲಾಮಗಿರಿಯನ್ನೇ ರದ್ದು ಮಾಡಿದ್ದು 1869ರಲ್ಲಿ. ಅಂದರೆ ಬಸ್ತ್ಯಾಂವ ಸತ್ತ ಮೇಲೆ.

ಬಸ್ಸಿನಲ್ಲಿ ಬರುವಾಗಲೂ ಆ ಮುದುಕಿಯ ಮುಖ ಕಣ್ಣೆದುರಿಗಿತ್ತು. ಖುಷಿಯೋ ಸಂಕಟವೋ ತಿಳಿಯಲಿಲ್ಲ.

ಜನವರಿ 16

1878ರ ಅರಣ್ಯ ಕಾಯ್ದೆ ಓದಿದೆ. ಒಂದು ಕಾಡನ್ನು ಮೀಸಲು ಮಾಡುವ ಮುನ್ನ ಘೋಷಣೆ ಹೊರಡಿಸಬೇಕು, ಹಕ್ಕು ಕೇಳಲು ಕನಿಷ್ಠ ಮೂರು ತಿಂಗಳು ಕೊಡಬೇಕು. ಕೇಳದಿದ್ದರೆ ಹಕ್ಕು ಹೋಯಿತು. ಅಣಶಿಯಾಚೆಯ ಕುಣಬಿ ಕೇರಿಗೆ ಯಾವ ಘೋಷಣೆ ಮುಟ್ಟಿರಬೇಕು? ಮುಟ್ಟಿದರೂ ಓದಿದವರು ಯಾರು?

ಕುಮರಿಯನ್ನಂತೂ, ಅಂದರೆ ಕಾಡು ಸವರಿ ಸುಟ್ಟು ಬೂದಿಯಲ್ಲಿ ಬಿತ್ತುವ ಬೇಸಾಯವನ್ನು, ಆಗಿನ ಅರಣ್ಯ ಕಾನೂನು ಹಕ್ಕೆಂದೇ ಒಪ್ಪಲಿಲ್ಲ. ಸರ್ಕಾರ ಬೇಕೆಂದಾಗ ನಿಯಂತ್ರಿಸಬಹುದಾದ, ರದ್ದು ಮಾಡಬಹುದಾದ ಸವಲತ್ತು, ಅಷ್ಟೆ. ಅದಕ್ಕೂ ಮೊದಲೇ, 1860ರಲ್ಲಿ, ಈ ಜಿಲ್ಲೆ ಮದ್ರಾಸಿನ ಕೈಯಲ್ಲಿದ್ದಾಗಲೇ ಅನುಮತಿಯಿಲ್ಲದ ಕುಮರಿಗೆ ತಡೆ ಬಿದ್ದಿತ್ತು. ಹಡಗಿಗೆ ಸಾಗುವಾನಿ ಬೇಕಿತ್ತು. ರಾಗಿ ತಿನ್ನುವವರಿಗೆ ಬೂದಿ ಬೇಕಿತ್ತು.

ಸಿಟ್ಟು ಬಂತು. ಯಾರ ಮೇಲೆ? ಸತ್ತವರ ಮೇಲೆ.

ಜನವರಿ 21, ಭಾನುವಾರ. ರಾಮನಗರ

ಸೂಪಾ ಮುಳುಗಿದ ಮೇಲೆ ಇಲ್ಲಿಗೆ ಬಂದವರ ಊರು. 101 ಮೀಟರ್ ಎತ್ತರದ ಅಣೆಕಟ್ಟು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಜನ ಚದುರಿದರು. ಹಿರಿಯರೊಬ್ಬರು ಹಳೇ ಸೂಪಾದ ಪೇಟೆಬೀದಿಯನ್ನು ಬೆರಳಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಕುಮರಿಯ ದಂಡದ ಕಾಗದ ಅಪ್ಪನ ಪೆಟ್ಟಿಗೆಯಲ್ಲಿತ್ತಂತೆ. ಪೆಟ್ಟಿಗೆ ಏನಾಯಿತೋ.

ಹೆಚ್ಚು ಬರೆಯಲು ಮನಸ್ಸಿಲ್ಲ.

ಜನವರಿ 23, ರಾತ್ರಿ 11

ಕೆನಡಾದ ಒಂದು ತೀರ್ಪು, 1997. ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲ ತಮ್ಮದೆಂದು ಕೋರ್ಟಿಗೆ ಹೋದರು. ಅವರ ದಸ್ತಾವೇಜು ಅಂದರೆ ಹಾಡು ಮತ್ತು ಹಿರಿಯರ ಬಾಯಿಮಾತು. ಒಬ್ಬ ಮುದುಕಿ ಕೋರ್ಟಿನಲ್ಲೇ ಹಾಡಿದರು. ಕೆಳಗಿನ ಕೋರ್ಟಿನ ನ್ಯಾಯಾಧೀಶರ ಕಿವಿಗೆ ಅದು ಬೀಳಲಿಲ್ಲ. ಸುಪ್ರೀಂ ಕೋರ್ಟ್ ಮಾತ್ರ, ಬಾಯಿಮಾತಿನ ಇತಿಹಾಸವನ್ನೂ ಬರೆದ ದಾಖಲೆಗಳ ಸಮಕ್ಕೆ ತೂಗಬೇಕು ಅಂದಿತು. ನೆಲವನ್ನೇನೂ ಕೊಡಲಿಲ್ಲ, ಮರುವಿಚಾರಣೆಗೆ ಹೇಳಿತು.

ನಮ್ಮ ನಿಯಮ 13ರಲ್ಲೂ ಆ ಬಾಗಿಲಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರಹದಲ್ಲಿ. ಇಷ್ಟು ದಿನ ಅದನ್ನು ಕೊನೆಯ ಆಸರೆಯೆಂದು ಎಲ್ಲರೂ ಬದಿಗಿಟ್ಟಿದ್ದಾರೆ. ಯಾಕೆ?

ಜನವರಿ 28, ಭಾನುವಾರ. ಮುಂಡಗೋಡ

ಎಮ್ಮೆ ಸಾಕುವ ಗವಳಿಗಳ ದಡ್ಡಿ. ಎಮ್ಮೆಗಳು ಕಡಿಮೆಯಾಗಿವೆ. ದಾರಿಯಲ್ಲಿ ಟಿಬೆಟನ್ ಕಾಲೊನಿ, 1966ರಿಂದ ಇದೆ. ದೇಶ ಕಳೆದುಕೊಂಡವರಿಗೆ ಕಾಡು ಕಡಿದು ನೆಲ ಕೊಟ್ಟೆವು, ಕೊಡಬೇಕಾದ್ದೇ. ದಡ್ಡಿಯ ಯಜಮಾನರಿಗೂ ಅವರ ಬಗ್ಗೆ ಕಹಿಯಿಲ್ಲ. "ಅವರಿಗೆ ಕಾಗದ ಮೊದಲು ಬಂತು, ಜನ ಆಮೇಲೆ ಬಂದ್ರು. ನಾವು ಮೊದಲು ಬಂದ್ವಿ" ಅಂದರು. ಮುಂದೆ ಏನೂ ಹೇಳಲಿಲ್ಲ.

ಫೆಬ್ರವರಿ 4, ಭಾನುವಾರ. ಜೋಯಿಡಾ

ಹೇಳಿಕೆ ಬರೆದುಕೊಂಡೆ. ಅಜ್ಜಿಯದಲ್ಲ, ಅವರು ಅರ್ಜಿದಾರರು. ಪಕ್ಕದ ಕೇರಿಯ ಅವರ ಅಕ್ಕನದು. ಆದರೆ ಅಜ್ಜಿ ಸುಮ್ಮನಿರಬೇಕಲ್ಲ. ಇಬ್ಬರೂ ಮಾತಿಗೆ ಮಾತು ಸೇರಿಸಿದರು.

ಅಕ್ಕ ಹೇಳಿದ ಕುಮರಿ: ಚಳಿಗಾಲದಲ್ಲಿ ಸವರುವುದು, ದೊಡ್ಡ ಮರದ ಬುಡ ಬಿಟ್ಟು. ಒಣಗಿದ ಮೇಲೆ ಬೇಸಗೆಯಲ್ಲಿ ಸುಡುವುದು. ಮೊದಲ ಮಳೆಗೆ ಬೂದಿಯಲ್ಲಿ ರಾಗಿ. ಒಂದೆರಡು ಬೆಳೆ, ಆಮೇಲೆ ಆ ಜಾಗ ಬಿಟ್ಟು ಹೋಗುವುದು, ಕಾಡು ಮತ್ತೆ ಏಳುವ ತನಕ ತಿರುಗಿ ಬರದಿರುವುದು. ಯಾವ ಇಳಿಜಾರು ಯಾರ ಮನೆಯದು, ಯಾವ ಹಲಸು ಯಾರ ಮಾವ ನೆಟ್ಟದ್ದು, ಊರು ಕೂಡುವ ಮಾಂಡದಲ್ಲಿ ಶಿಗ್ಮೆ ಹಬ್ಬದ ದಿನ ಮೊದಲು ಯಾರು ಕೂರಬೇಕು. ಹಳೇ ಮನೆಯ ಪಂಚಾಂಗದ ಕಲ್ಲು ತೋರಿಸಿದರು. ಬಾವಿ, ದೇವರ ಕಾಡು, ಮಣ್ಣು ಮಾಡಿದ ಜಾಗ. ಇವೆಲ್ಲವೂ ನಿಯಮದ ಪಟ್ಟಿಯಲ್ಲಿವೆ.

ಪೆನ್ನಿಗೆ ಅವರ ವೇಗ ಸಿಗಲಿಲ್ಲ.

ಈ ಕೇರಿ ಹುಲಿ ಯೋಜನೆಯ ಒಳಗಿದೆ. ಅಲ್ಲಿಂದ ಹೊರಬಂದರೆ ಕುಟುಂಬಕ್ಕೆ 15 ಲಕ್ಷ. ಅಜ್ಜಿಯ ಮೊಮ್ಮಗನಿಗೆ ಹೋಗುವ ಮನಸ್ಸಿದೆ. ಅವನು ಮಾತಾಡಲಿಲ್ಲ, ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದ. ಅವನದು ತಪ್ಪೆನ್ನಲು ನಾನು ಯಾರು? ಆಸ್ಪತ್ರೆ ದೂರ, ಕಾಲೇಜು ದೂರ.

ಕೊನೆಗೆ ಗೆಜೆಟಿಯರಿನ ಪುಟ ಓದಿ ಅರ್ಥ ಹೇಳಿದೆ. ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

"ಬರೆದವ ನಮ್ಮನೇಲಿ ಉಂಡಿದ್ನಾ?"

"ಇಲ್ಲ ಅಜ್ಜಿ."

"ಮತ್ತೆ?"

ಫೆಬ್ರವರಿ 11, ಭಾನುವಾರ

ಗ್ರಾಮಸಭೆ. ಕೋರಂ ಆಗಲು ಮಧ್ಯಾಹ್ನವಾಯಿತು. ಕಡತದಲ್ಲಿ ಮೊದಲು ಹಿರಿಯಕ್ಕನ ಹೇಳಿಕೆ, ಹೆಬ್ಬೆಟ್ಟಿನೊಂದಿಗೆ. ನಂತರ ಮಾಂಡ, ಬಾವಿ, ಪಂಚಾಂಗದ ಮಹಜರು. 1883ರ ಪುಟ ಎಲ್ಲಕ್ಕಿಂತ ಹಿಂದೆ. ಅದನ್ನು ಕಿತ್ತು ಬಿಡೋಣವೆಂದು ಕೆಲವರು ಅಂದರು. ಇರಲಿ, ಕೆಲಸಕ್ಕೆ ಬರುತ್ತದೆ ಎಂದರು ಉಳಿದವರು. ನನಗೆ ಈಗಲೂ ಖಾತ್ರಿಯಿಲ್ಲ.

ಇಂಥದೇ ದಾಖಲೆ ಬೇಕೆಂದು ಯಾವ ಸಮಿತಿಯೂ ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಆ ಸಾಲನ್ನು ಠರಾವಿನಲ್ಲೇ ಬರೆಸಿದೆವು. ಅರ್ಜಿ ಮೇಲಿನ ಸಮಿತಿಗೆ ಹೋಗಿದೆ.