ಹುಲ್ಲು ಬೇಡುವ ಹಲ್ಲು

ಹೆಸರನ್ನು ನಂಬಿ ಗಿನಿಪಿಗ್ಗನ್ನು ಊಹಿಸಿಕೊಳ್ಳುವವರು ಎರಡು ಬಾರಿ ಮೋಸಹೋಗುತ್ತಾರೆ. ಅದು ಹಂದಿಯೂ ಅಲ್ಲ, ಆಫ್ರಿಕದ ಗಿನಿ ಸೀಮೆಯದೂ ಅಲ್ಲ. ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ ಈ ಬಾಲವಿಲ್ಲದ ಪ್ರಾಣಿಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಅಲ್ಲಿಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಮಾಂಸಕ್ಕಾಗಿ ಸಾಕಿದರು. 16ನೆಯ ಶತಮಾನದಲ್ಲಿ ಹಡಗು ಹತ್ತಿ ಯೂರೋಪಿಗೆ ಹೋದ ಮೇಲೆ ಅದು ಮುದ್ದಿನ ಪ್ರಾಣಿಯಾಯಿತು. ಮುಂದೆ ವಿಜ್ಞಾನಿಗಳ ಕೈಗೂ ಸಿಕ್ಕಿತು. ಈಗ ಬೆಂಗಳೂರಿನಂತಹ ನಗರಗಳ ಮನೆಗಳಲ್ಲಿಯೂ ಅದನ್ನು ಕಾಣಬಹುದು.

ಅಂತಹ ಒಂದು ಮನೆಗೆ ಎರಡು ಹೆಣ್ಣು ಗಿನಿಪಿಗ್‌ಗಳು ಬಂದವು. ಒಂದು ಬಿಳಿಯದು, ಒಂದು ಕಂದು. ಒಂಟಿಯಾಗಿದ್ದರೆ ಕೊರಗುವ ಪ್ರಾಣಿಯೆಂದು ತಿಳಿದು ಜೋಡಿಯನ್ನೇ ತಂದದ್ದು ಜಾಣತನವೇ ಸರಿ. ಆದರೆ ಉಣಿಸಿನ ವಿಷಯದಲ್ಲಿ ಆ ಜಾಣತನ ಉಳಿಯಲಿಲ್ಲ. ಮನೆಯ ಹುಡುಗಿಗೆ ಅವುಗಳ ಮೇಲೆ ಪ್ರಾಣ. ತಾನು ತಿನ್ನುವ ಬಿಸ್ಕತ್ತು, ನೆನೆಸಿದ ಕಡಲೆ, ಅನ್ನ, ಬೇಯಿಸಿದ ಕ್ಯಾರೆಟ್ಟು ಎಲ್ಲದರಲ್ಲಿಯೂ ಅವುಗಳಿಗೆ ಪಾಲು. ಗೂಡಿಗೆ ಒಂದಿಷ್ಟು ಹುಲ್ಲು ಹಾಕೋಣವೆಂಬ ಮಾತು ಬಂದಾಗ ಅಜ್ಜಿಯೇ ತಡೆದರು: “ಪಾಪ, ಹುಲ್ಲು ತಿನ್ನಿಸೋದಕ್ಕೆ ಅವೇನು ಹಸುಗಳೇನೆ?” ಪ್ರೀತಿಗೆ ತಾನುಣ್ಣುವುದನ್ನೇ ಇತರರಿಗೂ ಉಣಿಸುವ ಹಟವುಂಟು.

ಕೆಲವು ತಿಂಗಳು ಕಳೆದವು. ಒಂದು ದಿನ ಬಿಳಿಯ ಗಿನಿಪಿಗ್ ಎಂದಿನಂತೆ ತಟ್ಟೆಯ ಸದ್ದಿಗೆ ಸಿಳ್ಳೆ ಹಾಕುತ್ತ ಓಡಿಬಂದಿತು; ತುಣುಕನ್ನು ಬಾಯಲ್ಲಿ ಕಚ್ಚಿತು; ಕೆಳಗೆ ಬೀಳಿಸಿತು. ಮತ್ತೆ ಕಚ್ಚಿತು, ಮತ್ತೆ ಬೀಳಿಸಿತು. ಗದ್ದದ ಕೂದಲು ಜೊಲ್ಲಿನಿಂದ ತೊಯ್ದಿತ್ತು. ಹೊಟ್ಟೆ ತುಂಬಿರಬೇಕೆಂದು ಮನೆಯವರು ಭಾವಿಸಿದರು. ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ನೋವನ್ನು ಹೊರಗೆ ತೋರಗೊಡುವುದಿಲ್ಲ. ನರಳಿದರೆ ಹದ್ದಿಗೋ ನರಿಗೋ ಸುಳಿವು ಸಿಕ್ಕೀತು. ಮೈತುಂಬ ದಟ್ಟವಾದ ಕೂದಲಿರುವುದರಿಂದ ಸೊರಗಿದ್ದೂ ಕಣ್ಣಿಗೆ ಕಾಣದು. ಹುಡುಗಿ ಎತ್ತಿಕೊಂಡಾಗ ಮಾತ್ರ ಬೆನ್ನೆಲುಬು ಬೆರಳಿಗೆ ತಗುಲಿತು. ತಕ್ಕಡಿಗೆ ಹಾಕಿದರೆ 640 ಗ್ರಾಂ. ತಂದ ಕೆಲವೇ ತಿಂಗಳಲ್ಲಿ ಅದು 900 ಗ್ರಾಂ ತೂಗಿತ್ತು!

ಪಶುವೈದ್ಯರು ಮುಂದಿನ ಹಲ್ಲುಗಳನ್ನು ನೋಡಿದರು, ಅವು ನೆಟ್ಟಗಿದ್ದವು. ಆದರೆ ಗಿನಿಪಿಗ್ಗಿನ 20 ಹಲ್ಲುಗಳಲ್ಲಿ ಕಾಣುವವು ಮುಂದಿನ ನಾಲ್ಕು ಮಾತ್ರ. ಉಳಿದ 16 ಕಿರಿದಾದ ಬಾಯಿಯ ಒಳಗೆ, ಕೆನ್ನೆಯ ಮಡಿಕೆಗಳ ಹಿಂದೆ ಅಡಗಿರುತ್ತವೆ. ಅವುಗಳನ್ನು ನೋಡಲು ದೀಪವಿರುವ ಉಪಕರಣವೇ ಬೇಕು. ಮನುಷ್ಯನ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ. ಗಿನಿಪಿಗ್ಗಿನ ಹಲ್ಲುಗಳೆಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ದಿನವಿಡೀ ಅರೆಯುವುದರಿಂದಲೇ ಅವು ಸವೆದು ಅಳತೆಯಲ್ಲಿರುತ್ತವೆ. ಮೆತ್ತನೆಯ ಅನ್ನಕ್ಕೆ ಆ ಶಕ್ತಿಯೆಲ್ಲಿ? ಈ ಬಡಪ್ರಾಣಿಯ ಕೆಳದವಡೆಯ ಹಲ್ಲುಗಳು ಎರಡು ಕಡೆಯಿಂದಲೂ ಒಳಕ್ಕೆ ಬಾಗಿ, ನಾಲಗೆಯ ಮೇಲೆ ಸೇತುವೆ ಕಟ್ಟಿದ್ದವು. ನಾಲಗೆ ಮೇಲೇಳದೆ ತುತ್ತು ಗಂಟಲಿಗೆ ಇಳಿಯುವ ಬಗೆ ಹೇಗೆ? ತುಂಬಿದ ತಟ್ಟೆಯ ಮುಂದೆ ಅದು ಉಪವಾಸವಿತ್ತು.

“ಏನು ತಿನ್ನಿಸುತ್ತಿದ್ದೀಯಮ್ಮ?” ಎಂದು ವೈದ್ಯರು ಕೇಳಿದರು. ಹುಡುಗಿ ಒಂದೊಂದಾಗಿ ಹೇಳಿದಳು. ಪಟ್ಟಿಯಲ್ಲಿ ಹುಲ್ಲೂ ಇರಲಿಲ್ಲ, ಹಸಿ ಸೊಪ್ಪೂ ಇರಲಿಲ್ಲ.

ಮನುಷ್ಯನಂತೆಯೇ ಗಿನಿಪಿಗ್ಗೂ ತನ್ನ ದೇಹದಲ್ಲಿ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಬೆರಿಬೆರಿ ರೋಗವನ್ನು ಅರಿಯಲೆಂದು ಗಿನಿಪಿಗ್‌ಗಳಿಗೆ ಬರಿಯ ಧಾನ್ಯವನ್ನು ತಿನ್ನಿಸಿದಾಗ, ಅವುಗಳಿಗೆ ಬಂದದ್ದು ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ. ಈ ರೋಗದಲ್ಲಿ ಹಲ್ಲನ್ನು ಹಿಡಿದಿಡುವ ನಾರುಗಳೇ ಸಡಿಲಗೊಳ್ಳುತ್ತವೆ. ಆ ಮನೆಯ ತಟ್ಟೆಯಲ್ಲಿದ್ದುದೂ ಹೆಚ್ಚುಕಡಿಮೆ ಅದೇ ಊಟ. ಹುಟ್ಟಿನಿಂದಲೇ ದವಡೆ ಸರಿಯಿಲ್ಲದ ಮರಿಗಳೂ ಉಂಟೆನ್ನಿ. ಅದೇ ಊಟವನ್ನು ಉಂಡ ಕಂದು ಗಿನಿಪಿಗ್ ಗಟ್ಟಿಮುಟ್ಟಾಗಿಯೇ ಇತ್ತು. ಆದರೂ “ನಾನೇ ಹೀಗೆ ಮಾಡಿದೆನಾ ಡಾಕ್ಟರೇ?” ಎಂದು ಹುಡುಗಿ ಕೇಳಿದಾಗ ವೈದ್ಯರು ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದರು.

ಅರಿವಳಿಕೆ ಕೊಟ್ಟು ಹಲ್ಲುಗಳನ್ನು ಅರೆದು ಸರಿಪಡಿಸಿದರು. ಇಷ್ಟು ಚಿಕ್ಕ ಜೀವಕ್ಕೆ ಅರಿವಳಿಕೆಯೂ ಅಪಾಯವೇ. ಅದು ಕಣ್ಣು ತೆರೆಯುವವರೆಗೆ ಯಾರೂ ಮಾತಾಡಲಿಲ್ಲ. ಕಷ್ಟದ ದಿನಗಳು ಅನಂತರ ಬಂದವು. ಗಿನಿಪಿಗ್ಗಿನ ಕರುಳು ಬರಿದಾಗಿ ನಿಂತರೆ ಒಂದು ದಿನದ ಉಪವಾಸವೂ ಪ್ರಾಣಕ್ಕೆ ಎರವಾದೀತು. ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಮೂರು ಮೂರು ಗಂಟೆಗೊಮ್ಮೆ ತುಟಿಯ ಪಕ್ಕದಿಂದ ಹನಿಹನಿಯಾಗಿ ಉಣಿಸಬೇಕಾಯಿತು. ರಾತ್ರಿ ಹನ್ನೆರಡರ ಸರದಿ ತಾಯಿಯದು; ಮೂರರ ಸರದಿ, ಯಾರೂ ಹೇಳದಿದ್ದರೂ, ಅಜ್ಜಿಯದಾಯಿತು.

ಅಜ್ಜಿ ಪ್ರತಿದಿನ ಬೆಳಗ್ಗೆ ಗಣಪತಿಯ ಪೂಜೆಗೆ ಗರಿಕೆ ಬಿಡಿಸುತ್ತಿದ್ದರು. ಈಗ ಬುಟ್ಟಿಯಲ್ಲಿ ಎರಡು ಪಾಲು. ಒಂದು ದೇವರಿಗೆ, ಇನ್ನೊಂದು ದೇವರ ವಾಹನದ ಈ ದೂರದ ದಾಯಾದಿಗಳಿಗೆ. ಗೂಡಿನಲ್ಲಿ ಒಣಹುಲ್ಲು ಯಾವಾಗಲೂ ಇರುತ್ತದೆ. ಸಿ ಜೀವಸತ್ವಕ್ಕೆಂದು ದಿನವೂ ಒಂದು ಹೋಳು ದೊಣ್ಣೆಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪು. ಬಿಸ್ಕತ್ತಿನ ಡಬ್ಬ ಮೇಲಿನ ಅಟ್ಟಕ್ಕೇರಿದೆ.

ಬಾಗಿದ ಹಲ್ಲು ಮತ್ತೆ ಬಾಗುವ ಸಂಭವವಿರುವುದರಿಂದ ಆಗಾಗ ಕರೆತರಬೇಕೆಂದು ವೈದ್ಯರು ಹೇಳಿದ್ದಾರೆ. ಪ್ರತಿ ಭಾನುವಾರ ಹುಡುಗಿ ಅಡುಗೆಮನೆಯ ತಕ್ಕಡಿಯನ್ನು ತಂದು ಎರಡನ್ನೂ ತೂಗಿ, ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ: 640, 655, 650, 690. ಮೂರನೆಯ ಅಂಕಿಯ ಕೆಳಗೆ ಪೆನ್ಸಿಲಿನಿಂದ ಒತ್ತಿ ಎಳೆದ ಗೆರೆಯಿದೆ. ಆ ವಾರ ಅವಳು ಸರಿಯಾಗಿ ನಿದ್ರೆ ಮಾಡಿರಲಿಲ್ಲ. ಈಗ ರಾತ್ರಿ ಎಚ್ಚರವಾದರೆ ಕತ್ತಲಲ್ಲಿ ಗೂಡಿನ ಕಡೆಗೆ ಕಿವಿಗೊಡುತ್ತಾಳೆ. ಒಣಹುಲ್ಲು ಅರೆಯುವ ಕರಕರ ಸದ್ದು ಎರಡು ಕಡೆಯಿಂದಲೂ ಕೇಳಿಸಿದ ಮೇಲೆ ಮಗ್ಗುಲು ಬದಲಾಯಿಸುತ್ತಾಳೆ.