ಒಳ್ಳೆಮೆಣಸಿನ ಎರಡು ರಾಶಿ

ಶಿರಾಡಿ ಘಾಟಿಯನ್ನಿಳಿದು ಬರುವ ಹೆದ್ದಾರಿಯಿಂದ ಗುಂಡ್ಯದಲ್ಲಿ ಒಂದು ಕವಲು ಸುಬ್ರಹ್ಮಣ್ಯ ಕ್ಷೇತ್ರದ ಕಡೆಗೆ ತಿರುಗುತ್ತದೆ. ಅಲ್ಲಿಂದ ತುಸು ಒಳಗೆ, ಅಡಕೆಮರಗಳಿಗೆ ಒಳ್ಳೆಮೆಣಸಿನ ಬಳ್ಳಿಯನ್ನು ಹಬ್ಬಿಸಿರುವ ತೋಟದ ಮನೆಯೊಂದರಲ್ಲಿ, ಕಳೆದ ಮಾಘಮಾಸದಲ್ಲಿ ಒಂದು ಸಣ್ಣ ವಾದವು ಹುಟ್ಟಿತು. ವಾದದ ವಿಷಯವು ಮನೆಯ ಅಂಗಳ.

ಸೆಗಣಿ ಸಾರಿಸಿದ ಅಂಗಳದಲ್ಲಿ ಮೆಣಸನ್ನು ಒಣಗಿಸುವುದು ಆ ಮನೆಯ ಹಳೆಯ ರೂಢಿ. ಗೋಮಯದಿಂದ ನೆಲವು ಶುದ್ಧವಾಗುವುದೆಂದು ಯಜಮಾನರು ಬಾಲ್ಯದಲ್ಲಿಯೇ ಕಲಿತವರು. ಆದರೆ ಜರ್ಮನಿಯಲ್ಲಿ ಸಂಸಾರ ಹೂಡಿರುವ ಮಗಳು ರಜೆಗೆ ಬಂದವಳು, “ಅಪ್ಪಾ, ನಿಮ್ಮ ಶುದ್ಧಿ ದೇವರಿಗೆ ಸಾಕು; ಅಲ್ಲಿಯ ಪರೀಕ್ಷಕರಿಗೆ ಸಾಲದು” ಎಂದಳು. ಬಿಡಿಸಿದ ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ, ಶುಚಿಯಾದ ಹಾಸಿನ ಮೇಲೆ ಒಣಗಿಸಬೇಕೆಂಬುದು ತಜ್ಞರ ಉಪದೇಶವೂ ಹೌದು. ಹಾಗೆ ಮಾಡಿದರೆ ಸೂಕ್ಷ್ಮಾಣುಗಳು ತಗ್ಗುವುವು. ಕಾಳು ಬೇಗನೆ ಒಣಗಿ ಒಂದೇ ಸಮನಾದ ಕಪ್ಪನ್ನು ತಾಳುವುದು.

ಯಜಮಾನರಿಗೆ ನೋವಾಯಿತು. ಆದರೂ ಅವರು ಹಟಮಾರಿಗಳಲ್ಲ. ಅರ್ಧ ಬೆಳೆಯನ್ನು ಹಳೆಯ ಕ್ರಮದಲ್ಲಿಯೂ ಅರ್ಧವನ್ನು ಹೊಸ ಕ್ರಮದಲ್ಲಿಯೂ ಒಣಗಿಸಿ ಎರಡು ರಾಶಿ ಮಾಡಿಸಿದರು. ಹೊಸ ರಾಶಿಗೆ ಸೌದೆ, ಹಾಸು, ಹೆಚ್ಚಿನ ಆಳಿನ ಕೂಲಿ ಇವೆಲ್ಲವೂ ತಗಲಿದವು. ಮೆಣಸು ಕೊಳ್ಳಲು ಬಂದ ವ್ಯಾಪಾರಿಯು ಎರಡಕ್ಕೂ ಒಂದೇ ಧಾರಣೆ ಹೇಳಿ, ಯಜಮಾನರ ಕಣ್ಣೆದುರಿನಲ್ಲಿಯೇ ಎರಡನ್ನೂ ಒಂದೇ ಗೋಣಿಗೆ ಸುರಿದನು.

ಆ ಗೋಣಿಯೊಳಗೆ ದೊಡ್ಡದೊಂದು ಪ್ರಶ್ನೆಯು ಅಡಗಿದೆ. ಒಣಗಿಸುವಾಗ ಸೇರಿದ ಸೂಕ್ಷ್ಮಾಣುಗಳನ್ನು ಕೊಲ್ಲಲು ಮಸಾಲೆಗೆ ಎಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಹಾಯಿಸುವುದುಂಟು. ಈ ಅನಿಲವು ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಅದರ ಶೇಷವು ಒಂದು ಕಿಲೋ ಮಸಾಲೆಯಲ್ಲಿ 0.1 ಮಿಲಿಗ್ರಾಂ ಮೀರಿದರೆ ಐರೋಪ್ಯ ಒಕ್ಕೂಟವು ಆ ಸರಕನ್ನು ಒಲ್ಲದು. ಅಮೆರಿಕವು 7 ಮಿಲಿಗ್ರಾಂವರೆಗೆ ಸಹಿಸುವುದು. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್ ಆಡಳಿತವು ಭಾರತದ ಕೆಲವು ಮಸಾಲೆಪುಡಿಗಳ ಮಾರಾಟವನ್ನು ಇದೇ ಕಾರಣದಿಂದ ನಿಲ್ಲಿಸಿತು. ಮನುಷ್ಯದೇಹವು ಎಲ್ಲೆಡೆಯೂ ಒಂದೇ. ಅದಕ್ಕೆ ವಿಧಿಸಿದ ಗಡಿ ಮಾತ್ರ ದೇಶಕ್ಕೊಂದು. ಲೋಕಕ್ಕೆಲ್ಲ ಒಂದು ಪ್ರಮಾಣವಿರಲೆಂದು 1963ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಯೋಗವು ಹುಟ್ಟಿತು. ಮೆಣಸಿನ ಬಗ್ಗೆ ಅದರ ಪ್ರಮಾಣವು ಸಿದ್ಧವಾದುದು 2017ರಲ್ಲಿ.

ಈ ದೇಶದಲ್ಲಿ ಶಾಸನದ ಕೊರತೆಯಿಲ್ಲ. ಧಾನ್ಯ, ಎಣ್ಣೆ, ಉಪ್ಪು ಮೊದಲಾದುವುಗಳಲ್ಲಿ ಕಲಬೆರಕೆ ಮಾಡಿದವನಿಗೆ ಕೌಟಿಲ್ಯನು 12 ಪಣಗಳ ದಂಡವನ್ನು ವಿಧಿಸಿದನು. ಯಾಜ್ಞವಲ್ಕ್ಯ ಸ್ಮೃತಿಯು 16 ಪಣಗಳೆಂದಿತು. 1954ರಲ್ಲಿ ಕಲಬೆರಕೆ ನಿರೋಧದ ಕಾಯಿದೆಯೂ, 2006ರಲ್ಲಿ ಆಹಾರ ಸುರಕ್ಷತೆಯ ಕಾಯಿದೆಯೂ ಬಂದವು. ಇವುಗಳಲ್ಲಿ ಯಾವುದೂ ಕೊಳ್ಳುವವನು ಧನಿಕನೋ ದರಿದ್ರನೋ ಎಂದು ಕೇಳುವುದಿಲ್ಲ. ಕೇಳುವುದು ಪೇಟೆ. 2023-24ರ ಸರಕಾರಿ ಸಮೀಕ್ಷೆಯಂತೆ ಭಾರತದ ಹಳ್ಳಿಯ ಸಂಸಾರವು ನೂರು ರೂಪಾಯಿ ವೆಚ್ಚದಲ್ಲಿ ಸುಮಾರು 47 ರೂಪಾಯಿಗಳನ್ನು ಆಹಾರಕ್ಕೇ ಸುರಿಯುತ್ತದೆ. ಅಮೆರಿಕದ ಜನರಿಗೆ ಆದಾಯದ ನೂರರಲ್ಲಿ ಸುಮಾರು 11 ಭಾಗವೇ ಸಾಕು. ಅರ್ಧ ಕೈಚೀಲವು ಅನ್ನಕ್ಕೇ ಬರಿದಾಗುವಲ್ಲಿ ಶುಚಿತ್ವಕ್ಕೆಂದು ಇನ್ನೆರಡು ರೂಪಾಯಿ ಎಲ್ಲಿಂದ ಹುಟ್ಟಬೇಕು? ಹೆಚ್ಚು ಬೆಲೆ ಕೊಡುವವರಿಲ್ಲದಿರುವಲ್ಲಿ ಬೆಳೆಗಾರನು ಎಷ್ಟು ವರ್ಷ ನೀರು ಕುದಿಸಿಯಾನು?

ಇದನ್ನು ಮೊದಲು ಕಂಡವರು ಆ ಮನೆಯ ಗೃಹಿಣಿ. ಕಾಳನ್ನು ಕುದಿನೀರಿನಲ್ಲಿ ಅದ್ದಿ ಹಾಸಿನ ಮೇಲೆ ಹರಡಿದ ಕೆಲಸದ ಹೆಂಗಸು ಸಂಜೆ ಕೂಲಿ ಪಡೆದು, ಗುಂಡ್ಯದ ಅಂಗಡಿಯಲ್ಲಿ ಮೆಣಸಿನ ಪುಡಿಯ ಸಣ್ಣ ಪೊಟ್ಟಣವನ್ನು ಕೊಳ್ಳುವಳೆಂದು ಅವರಿಗೆ ತಿಳಿಯಿತು. ಇಡಿಯ ಕಾಳಾದರೆ ನೀರಿಗೆ ಹಾಕಿ ನೋಡಬಹುದು: ಮೆಣಸು ಮುಳುಗುವುದು, ಬೆರಕೆಯ ಪಪ್ಪಾಯಿ ಬೀಜ ತೇಲುವುದು. ಪುಡಿಯಾದ ಮೇಲೆ ಬಡವಳ ಅಡುಗೆಮನೆಯಲ್ಲಿ ಯಾವ ಪರೀಕ್ಷೆ ಸಾಧ್ಯ? ಮಗಳು ದೂರದೇಶದಲ್ಲಿ ಪರೀಕ್ಷಿತವಾದ ಮೆಣಸನ್ನು ಉಣ್ಣುವಳು. ಅದನ್ನು ಶುಚಿಗೊಳಿಸಿದವಳಿಗೆ ನಂಬಿಕೆಯೊಂದೇ ಗತಿ.

ಮರುದಿನ ಗೃಹಿಣಿಯು ಮನೆಖರ್ಚಿಗೆಂದು ಎತ್ತಿಟ್ಟಿದ್ದ ಹೊಸ ರಾಶಿಯ ಮೆಣಸಿನಿಂದ ಎರಡು ಕುಡ್ತೆಯನ್ನು ಅಳೆದು ಆಕೆಯ ಸೆರಗಿಗೆ ಹಾಕಿದರು. ಯಜಮಾನರು ಅದನ್ನು ನೋಡಿ ಸುಮ್ಮನಿದ್ದರು. ಉಳಿದ ಬಳ್ಳಿಗಳ ಕೊಯ್ಲು ಬಂದಾಗ ಇಡೀ ಬೆಳೆಗೂ ನೀರು ಕಾಯಿಸುವಂತೆ ಹೇಳಿದರು. ಧಾರಣೆಯು ಮೊದಲಿನಷ್ಟೇ ಇತ್ತು. ಒಂದು ಮನೆಯ ಧರ್ಮಬುದ್ಧಿಯು ದೇಶದ ಪ್ರಮಾಣವಾಗಲಾರದು, ನಿಜ. ಆದರೆ ಕುಡ್ತೆಯಲ್ಲಿ ಅಳೆದುಕೊಟ್ಟ ಆ ಶುಚಿತ್ವವು ಹೆದ್ದಾರಿಯಲ್ಲಿ ಹೋಗುವ ಗೋಣಿಗೂ, ಅಂಗಡಿಯ ಸಣ್ಣ ಪೊಟ್ಟಣಕ್ಕೂ ಸಮನಾಗಿ ಸಲ್ಲುವವರೆಗೆ ಶಾಸನದ ಕೆಲಸವು ಮುಗಿಯಿತೆಂದು ಯಾರೂ ಹೇಳುವಂತಿಲ್ಲ.