ತೊಳೆದರೆ ಹೋಗುವುದೆ?

ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಬೇಯಿಸಿದರೆ ಅದರ ದೋಷವೆಲ್ಲ ಕಳೆಯಿತೆಂದು ನಮ್ಮ ಮನೆಗಳಲ್ಲಿ ನಂಬಿಕೆಯುಂಟು. ಮಣ್ಣು, ಹುಳುಗಳ ಮಟ್ಟಿಗೆ ಇದು ಸರಿಯೇ. ಕೀಟನಾಶಕದ ವಿಷಯದಲ್ಲಾದರೋ ಇದನ್ನು ಪೂರ್ತಿಯಾಗಿ ನಂಬತಕ್ಕುದಲ್ಲ.

ಹಲಸೂರಿನಲ್ಲಿರುವ ನಾವು ತರಕಾರಿಗಾಗಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುವುದು ವಾಡಿಕೆ. ಆ ಮಾರುಕಟ್ಟೆಯ ಬಳಿ ಕಳೆದ ಮಳೆಗಾಲದಲ್ಲಿ ಹೊಸಕೋಟೆಯ ಕಡೆಯ ಹೆಂಗಸೊಬ್ಬಳು ದಂಟಿನ ಸೊಪ್ಪು ಮಾರುತ್ತಿದ್ದಳು. ನನ್ನ ಸೊಸೆಯು ಎರಡು ವರ್ಷದ ಮಗುವಿಗೆ ಉಣಿಸುವವಳಾದುದರಿಂದ, ಔಷಧಿ ಹೊಡೆದಿದೆಯೇ ಎಂದು ಕೇಳಿದಳು. “ಹೊಡೀದೆ ಬೆಳೆ ಬರ್ತದೇನಮ್ಮ? ರಾತ್ರಿ ಜೋರು ಮಳೆ ಬಂತಲ್ಲ, ಎಲ್ಲಾ ತೊಳ್ಕೊಂಡು ಹೋಯ್ತು” ಎಂದು ಆಕೆ ನಿಷ್ಕಪಟವಾಗಿ ಉತ್ತರಕೊಟ್ಟಳು. (ವಿಷವನ್ನು ಔಷಧಿಯೆಂದು ಕರೆಯುವ ರೂಢಿಯೇ ಅರ್ಧ ಅನರ್ಥಕ್ಕೆ ಕಾರಣವೆಂದು ನನ್ನ ಭಾವನೆ.)

ಆಕೆಯ ಮಾತು ನಿಜವೋ ಅಲ್ಲವೋ ಎಂಬುದು ವಿಷದ ಹೆಸರೊಂದರಿಂದಲೇ ತಿಳಿಯುವಂಥದಲ್ಲ. ಅದನ್ನು ಯಾವ ರೂಪದಲ್ಲಿ ಹಾಕಿದರೆಂಬುದನ್ನೂ ನೋಡಬೇಕು. ಮೆಲಾಥಿಯಾನ್ ಎಂಬುದೊಂದೇ ನಮ್ಮ ದೇಶದಲ್ಲಿ ಶೇಕಡ 5ರ ಹುಡಿಯಾಗಿಯೂ ಶೇಕಡ 50ರ ಎಣ್ಣೆಯಂಥ ದ್ರವವಾಗಿಯೂ ಬಳಕೆಗೆ ಬಂದುದುಂಟು. ಹುಡಿಯು ಎಲೆಯ ಮೇಲೆ ಕುಳಿತಿರುವುದೇ ಹೊರತು ಬಿಗಿಯಾಗಿ ಅಂಟುವುದಿಲ್ಲ. ಗಾಳಿಗೂ ಮಳೆಗೂ ಬಹುಭಾಗ ಉದುರಿಹೋಗುವುದು. ನೀರಿನಲ್ಲಿ ಕದಡಿ ಸಿಂಪಡಿಸುವ ಪುಡಿಯೂ ಒಣಗಿ ಮೇಲೆಯೇ ನಿಲ್ಲುವುದರಿಂದ ತೊಳೆದರೆ ಸಾಕಷ್ಟು ಬಿಡುತ್ತದೆ.

ದ್ರವದ ರೀತಿಯೇ ಬೇರೆ. ಇದರಲ್ಲಿ ವಿಷವು ದ್ರಾವಕವೊಂದರಲ್ಲಿ ಕರಗಿದ್ದು, ನೀರಿಗೆ ಹೊಯ್ದೊಡನೆ ಹಾಲಿನಂತೆ ಬೆಳ್ಳಗಾಗುವುದು. ಎಲೆಗಾದರೋ ಸ್ವಾಭಾವಿಕವಾಗಿ ಮೇಣದ ಪೊರೆಯೊಂದುಂಟು; ಕೋಸಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದು ಅದರಿಂದಲೇ. ನೀರನ್ನು ನೂಕುವ ಆ ಮೇಣವು ಎಣ್ಣೆಯ ಸ್ವಭಾವದ ವಸ್ತುವನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಹೀಗೆ ಒಳಸೇರಿದುದನ್ನು ರಾತ್ರಿಯ ಮಳೆಯೂ ತೆಗೆಯಲಾರದು, ಅಡಿಗೆಮನೆಯ ಉಪ್ಪುನೀರೂ ಪೂರ್ತಿಯಾಗಿ ತೆಗೆಯಲಾರದು. ವಿಷವನ್ನು ಕಣ್ಣಿಗೆ ಕಾಣದ ಕೋಶಗಳಲ್ಲಿ ತುಂಬಿದ ಈಚಿನ ಬಗೆಯು ಸ್ವಲ್ಪಸ್ವಲ್ಪವಾಗಿ ಹೊರಬಿಟ್ಟು ಇನ್ನೂ ಹೆಚ್ಚು ದಿನ ನಿಲ್ಲುವುದು. ನೀರಿನಲ್ಲಿ ಕರಗಿ ಗಿಡದ ಒಳಕ್ಕೇ ಹರಡುವ ಮೊನೊಕ್ರೊಟೊಫಾಸನ್ನಂತೂ ತರಕಾರಿಗಳಿಗೆ ಬಳಸಕೂಡದೆಂದು ಸರಕಾರವು 2005ರಲ್ಲಿ ನಿಷೇಧಿಸಿತು.

ಹಾಗಾದರೆ ಉಪಾಯವೇನೆಂದು ತಾಯಂದಿರು ಕೇಳಬಹುದು. ಮುಖ್ಯವಾದುದು ಕಾಲವೇ. ಬಿಸಿಲಿನಿಂದಲೂ ಗಿಡದ ಬೆಳವಣಿಗೆಯಿಂದಲೂ ವಿಷವು ದಿನದಿನಕ್ಕೆ ಕುಗ್ಗುತ್ತದೆ. ಆದಕಾರಣವೇ ಸಿಂಪಡಿಸಿದ ಮೇಲೆ ಇಷ್ಟು ದಿನ ಕಾದು ಕೊಯ್ಯಬೇಕೆಂಬ ನಿಯಮವಿದೆ. ದಂಟು, ಮೆಂತ್ಯಗಳೋ ಕೆಲವೇ ವಾರಗಳ ಪೈರು. ದರ ಏರಿದ ದಿನ ರೈತನು ಕಾಯುವುದು ಕಷ್ಟ. ಅವನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಹುಳು ಕಡಿದ ಎಲೆಯ ಕಟ್ಟನ್ನು ಪಕ್ಕಕ್ಕೆ ಸರಿಸುವವರು ನಾವೇ ಅಲ್ಲವೆ?

ತೊಳೆಯುವುದನ್ನು ಯಾರೂ ಬಿಡಬಾರದು, ಮೇಲಿನದಾದರೂ ಹೋಗುವುದು. ಕೋಸಿನ ಹೊರಗಿನ ಎಲೆಗಳನ್ನು ತೆಗೆದರೆ ಇನ್ನಷ್ಟು ಹೋಗುವುದು. ದಂಟಿಗೆ ಹಾಗೆ ತೆಗೆದುಹಾಕುವ ಎಲೆಯಿಲ್ಲ. ಆದುದರಿಂದ ಮಗುವಿನ ಪಾಲಿನ ಸೊಪ್ಪನ್ನು ಈಗ ಮಾಳಿಗೆಯ ಮೇಲಿನ ಕುಂಡಗಳಲ್ಲಿ ಬೆಳೆಯುತ್ತಿದ್ದೇವೆ. ಅರ್ಧವನ್ನು ಹುಳುಗಳು ತಿನ್ನುತ್ತವೆ.